ಹಬರ್ಡ್ ಅಜ್ಜಿಯ ಕುಂಬಳಕಾಯಿ

ಬ್ಲಾಗಿನ ಕಡೆ ತಲೆ ಹಾಕದೆ ಬಹಳ ದಿನಗಳಾದವು. ಕಾರಣ ಹೇಳಿದರೆ ನಗ್ತೀರಿ... ಕುಂಬಳಕಾಯಿ! :)

ಕೆಲಸದ ಮೇಲೆ ಅಮೆರಿಕದ ಮ್ಯಾಸಚೂಸೆಟ್ಸ್‌ಗೆ ಬಂದು ಮೂರು ವರ್ಷ ಆಯ್ತು. ಬಾಡಿಗೆ ಮನೆಯ ಹಿಂದೆ ಅಂಗೈಯಗಲದ ಜಾಗವಿದೆ. ಮೊದಲ ವರ್ಷ ಅಲ್ಲಿ ಹಾಕೋಣ ಅಂತ ಕೊಂಡು ತಂದ ಕುಂಬಳದ ಬೀಜದ ಪೊಟ್ಟಣದ ಮೇಲೆ 'ಹಬರ್ಡ್' ಅಂತಿತ್ತು. ಯಾರೋ ದೊಡ್ಡ ವಿಜ್ಞಾನಿಯ ಹೆಸರಿರಬೇಕು ಅಂದುಕೊಂಡೆ. ಹುಡುಕಿ ಓದಿದರೆ ಗೊತ್ತಾಗಿದ್ದು, ಅದು ಒಬ್ಬ ಸಾಮಾನ್ಯ ಹೆಂಗಸಿನ ಹೆಸರು!

ಬಾಸ್ಟನ್‌ನಿಂದ ಉತ್ತರಕ್ಕೆ ಸಮುದ್ರದ ದಡದಲ್ಲಿ ಮಾರ್ಬಲ್‌ಹೆಡ್ ಅಂತ ಹಳೇ ಮೀನುಗಾರರ ಊರಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿ ಎಲಿಜಬೆತ್ ಹಬರ್ಡ್ ಅನ್ನೋ ಹೆಂಗಸು ಗ್ರೆಗರಿ ಎಂಬುವರ ಮನೆಗೆ ಈ ಕಾಯಿಯ ಪರಿಚಯ ಮಾಡಿಸಿದಳು. ಆ ತಳಿಗೆ ಆಗ ಹೆಸರೇ ಇರಲಿಲ್ಲ. ಕೊಟ್ಟವಳ ಹೆಸರನ್ನೇ ಇಟ್ಟರು, ಅಷ್ಟೇ. ಆ ಮನೆಯ ಮಗ ಜೇಮ್ಸ್ ಗ್ರೆಗರಿ (1827-1910) 1850ರ ದಶಕದಲ್ಲಿ ಇದರ ಬೀಜವನ್ನು ದೂರದೂರದ ರೈತರಿಗೆ ಕಳಿಸಲು ಶುರುಮಾಡಿ, ಮುಂದೆ ಹೆಸರಾಂತ ಬೀಜದ ವ್ಯಾಪಾರಿಯಾದ. 1867ರಲ್ಲಿ ಕುಂಬಳ ಬೆಳೆಯೋದು ಹೇಗೆ ಅಂತಲೇ ಒಂದು ಪುಸ್ತಕ ಬರೆದ.

ಅದಕ್ಕಿಂತ ಹಿಂದಿನ ಕಥೆ ಇನ್ನೂ ದೊಡ್ಡದು. ಹಬರ್ಡ್ ಸೇರುವ ಜಾತಿ ಕುಕುರ್ಬಿಟಾ ಮ್ಯಾಕ್ಸಿಮಾ. ಅದರ ತವರು ದಕ್ಷಿಣ ಅಮೆರಿಕ. ಅಲ್ಲಿನ ಮೂಲನಿವಾಸಿಗಳು ಸಾವಿರಾರು ವರ್ಷ ಆರಿಸಿ ಆರಿಸಿ ಬೆಳೆಸಿದ್ದು. 'ಸ್ಕ್ವಾಷ್' ಅನ್ನೋ ಇಂಗ್ಲಿಷ್ ಪದ ಕೂಡ ಇಲ್ಲಿನ ನ್ಯಾರಗ್ಯಾನ್ಸೆಟ್ ಜನರ ನುಡಿಯಿಂದ ಬಂತು. ಆ ಜನರಲ್ಲಿ ಬೀಜ ಉಳಿಸಿಕೊಟ್ಟ ಒಬ್ಬರ ಹೆಸರೂ ಪೊಟ್ಟಣದ ಮೇಲೆ ಬರಲಿಲ್ಲ ನೋಡಿ.

ಇದಕ್ಕೆ 'ಚಳಿಗಾಲದ' ಕುಂಬಳ ಅಂತಾರೆ, ಆದರೆ ಚಳಿಗಾಲದಲ್ಲಿ ಬೆಳೆಯೋದಲ್ಲ. ಇಲ್ಲಿ ಮೇ ಕೊನೆಗೆ ಮಣ್ಣು ಬೆಚ್ಚಗಾದ ಮೇಲೆ ಬೀಜ ಊರಬೇಕು. ಕಾಯಿ ಬಲಿಯೋಕೆ ನೂರಕ್ಕೂ ಹೆಚ್ಚು ದಿನ ಬೇಕು. ಹಿಮ ಬೀಳೋ ಮೊದಲೇ ತೊಟ್ಟು ಬಿಟ್ಟು ಕೊಯ್ದು, ಒಂದೆರಡು ವಾರ ಬೆಚ್ಚಗಿನ ಜಾಗದಲ್ಲಿ ಒಣಗಿಸಿಟ್ಟರೆ ತಿಂಗಳುಗಟ್ಟಲೆ ಕೆಡೋಲ್ಲ. ಫ್ರಿಜ್ ಇಲ್ಲದ ಕಾಲದಲ್ಲಿ, ಹಿಮ ಮುಚ್ಚಿದ ಊರಿನಲ್ಲಿ, ಇದರ ಬೆಲೆ ಎಷ್ಟಿರಬೇಕು ಯೋಚಿಸಿ! ಸಿಪ್ಪೆ ಎಷ್ಟು ಗಟ್ಟಿ ಅಂದ್ರೆ ನಾನು ಆಯುಧಪೂಜೆಯ ಬೂದುಗುಂಬಳದ ಥರ ನೆಲಕ್ಕೆ ಅಪ್ಪಳಿಸಿಯೇ ಒಡೆದದ್ದು.

ಮೊದಲ ವರ್ಷ ಎರಡು ಕಾಯಿ ಬಂತು. ಖುಷಿಯಿಂದ ಬೀಜ ಒಣಗಿಸಿಟ್ಟೆ. ಮರುವರ್ಷ ಅದನ್ನು ಊರಿದರೆ ಬಂದದ್ದು ಹಬರ್ಡೂ ಅಲ್ಲ, ಇನ್ನೊಂದೂ ಅಲ್ಲ, ಎಂಥದೋ ಕಲಬೆರಕೆ! ಬಟರ್‌ಕಪ್ ಅನ್ನೋ ಇನ್ನೊಂದು ತಳಿಯನ್ನು ಪಕ್ಕದಲ್ಲೇ ಹಾಕಿದ್ದೆ. ಎರಡೂ ಒಂದೇ ಜಾತಿ, ಜೇನುನೊಣಕ್ಕೆ ತಳಿ ಪಳಿ ಗೊತ್ತಿಲ್ಲ. ಮಜಾ ಅಂದ್ರೆ, ಬೆರಕೆಯಾದ ವರ್ಷದ ಕಾಯಿಯಲ್ಲಿ ಏನೂ ಕಾಣಲ್ಲ. ದೋಷ ಬೀಜದೊಳಗೆ ಕೂತು ಮುಂದಿನ ರಿಲೀಸ್‌ನಲ್ಲಿ ಹೊರಬೀಳುತ್ತೆ. ನಮ್ಮ ಕೋಡಿನ ಬಗ್‌ಗಳ ಹಾಗೇ :)

ಹೋದ ವರ್ಷ ಹೊಸ ಬೀಜ ತಂದು ಸರಿಯಾಗಿ ಮಾಡಿದೆ. ಸಂಜೆ, ಮರುದಿನ ಅರಳಲಿರುವ ಗಂಡು ಹೂವು, ಹೆಣ್ಣು ಹೂವು ಎರಡರ ಬಾಯಿಗೂ ಟೇಪ್ ಅಂಟಿಸಬೇಕು. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿ ಇರುತ್ತೆ, ಗುರುತು ಸುಲಭ. ಬೆಳಗ್ಗೆ ಗಂಡು ಹೂವು ಕಿತ್ತು ಅದರ ಪರಾಗವನ್ನು ಹೆಣ್ಣು ಹೂವಿಗೆ ಸವರಿ ಮತ್ತೆ ಮುಚ್ಚಬೇಕು. ಹೀಗೆ ಮಾಡಿದ್ದರಲ್ಲಿ ನಿಂತದ್ದು ಒಂದೇ ಕಾಯಿ. ಬಳ್ಳಿ ಕೊರೆಯುವ ಹುಳು ಉಳಿದ ಬಳ್ಳಿಗಳನ್ನೆಲ್ಲ ಮುಗಿಸಿತು. ಆ ಒಂದು ಕಾಯಿಯ ಬೀಜ ಕೈಗೆ ಬಂದಾಗ ಅನ್ನಿಸಿತು, ಒಂದು ತಳಿ ನೂರೈವತ್ತು ವರ್ಷಕ್ಕೂ ಮೀರಿ ಉಳಿದಿದೆ ಅಂದ್ರೆ ಪ್ರತಿ ತಲೆಮಾರಿನಲ್ಲೂ ಯಾರೋ ಹೀಗೆ ಮೈಮುರಿದಿದ್ದಾರೆ. ಒಬ್ಬರು ಸುಮ್ಮನಾಗಿದ್ದರೆ ಕಥೆ ಮುಗೀತಿತ್ತು.

ಆಗ ನಮ್ಮಜ್ಜಿ ನೆನಪಾದಳು. ಮಲೆನಾಡಿನ ನಮ್ಮ ಮನೆಯ ಅಟ್ಟದಲ್ಲಿ ಅಜ್ಜಿ ಬೆಳೆದ ಚೀನಿಕಾಯಿ (ನಿಮ್ಮ ಕಡೆ ಸಿಹಿಗುಂಬಳ) ಸಾಲಾಗಿ ಕೂತಿರುತ್ತಿದ್ದವು. ಹೆಸರು 'ಚೀನಿ' ಅಂತಿದ್ದರೂ ಅದರ ಮೂಲವೂ ಅಮೆರಿಕವೇ! ಬಂದವರಿಗೆಲ್ಲ ಅಜ್ಜಿ ಬೀಜ ಕೊಟ್ಟು ಕಳಿಸ್ತಿದ್ದಳು. ಅವಳು ಹೋದ ವರ್ಷ ನಾನು ಇಂಜಿನಿಯರಿಂಗ್ ಮೂರನೇ ಸೆಮಿಸ್ಟರ್. ಬೀಜ ಎತ್ತಿಡಬೇಕು ಅಂತ ಯಾರಿಗೂ ಹೊಳೀಲಿಲ್ಲ.

ಫೋನಿನಲ್ಲಿ ಅಮ್ಮನಿಗೆ ಕೇಳಿದೆ. "ನಮ್ಮಲ್ಲಿಲ್ಲ ಮಾರಾಯ, ಕೆಳಗಿನ ಮನೆಯವರು ಇನ್ನೂ ಹಾಕ್ತಾರೆ, ಕೇಳಿ ನೋಡ್ತೀನಿ" ಅಂದಳು. ವಾರ ಬಿಟ್ಟು ಅವಳೇ ಫೋನ್ ಮಾಡಿದಳು. ಬೀಜ ಸಿಕ್ಕಿದೆ. ಕೆಳಗಿನ ಮನೆಯಲ್ಲಿ ಅದಕ್ಕೊಂದು ಹೆಸರೂ ಇದೆಯಂತೆ: 'ಮೇಲಿನಮನೆ ಅಮ್ಮನ ಚೀನಿಕಾಯಿ'.

ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಇಷ್ಟು ವರ್ಷದಲ್ಲಿ ಅಲ್ಲೂ ಜೇನುನೊಣ ಏನೇನು ಬೆರೆಸಿದೆಯೋ! ಇರಲಿ. ಮುಂದಿನ ಸಲ ಊರಿಗೆ ಹೋದಾಗ ಅಲ್ಲೇ ಊರಿ, ಟೇಪ್ ಅಂಟಿಸೋದನ್ನ ಅಮ್ಮನಿಗೆ ಕಲಿಸಿ ಬರ್ತೀನಿ. ನಿಮ್ಮ ಮನೆಯ ಅಟ್ಟದ ಕಾಯಿಗಳ ಬೀಜ ಈಗ ಯಾರ ಮನೆಯಲ್ಲಿದೆ? ಒಮ್ಮೆ ಫೋನ್ ಮಾಡಿ ಕೇಳಿ ನೋಡಿ.