ಪಯಣಕ್ಕೊಂದು ಹಗುರ ಕಾದಂಬರಿ

ಸದಲಗಾದವರು ವಿಮಾನ ಹತ್ತಬೇಕಾದರೆ ಬೆಳಗಾವಿಯ ಸಾಂಬ್ರಾಕ್ಕೋ ಗಡಿಯಾಚೆಯ ಕೊಲ್ಹಾಪುರಕ್ಕೋ ಹೋಗಬೇಕು. ಕೈಚೀಲದಲ್ಲಿ ಪುಸ್ತಕವೊಂದನ್ನು ಇಟ್ಟುಕೊಳ್ಳುವವರು ಆರಿಸುವುದು ಬಹುಮಟ್ಟಿಗೆ ಪತ್ತೇದಾರಿಯನ್ನೋ ಪ್ರೇಮಕಥೆಯನ್ನೋ, ತತ್ವಶಾಸ್ತ್ರವನ್ನಲ್ಲ. ಈ ರೂಢಿಯನ್ನು ಹಾಕಿಕೊಟ್ಟದ್ದು ವಿಮಾನವಲ್ಲ, ರೈಲು.

ಕುಲುಕಾಡುವ ಕುದುರೆಗಾಡಿಯಲ್ಲಿ ಅಕ್ಷರಗಳು ಕಣ್ಣಿಗೆ ನಿಲ್ಲುತ್ತಿರಲಿಲ್ಲ. ರೈಲಿನಲ್ಲಿ ನಿಂತವು. 1848ರಲ್ಲಿ ಲಂಡನ್ನಿನ ಯೂಸ್ಟನ್ ನಿಲ್ದಾಣದಲ್ಲಿ ಸ್ಮಿತ್ ಕಂಪನಿ ಪುಸ್ತಕದಂಗಡಿ ತೆರೆಯಿತು. ಅದೇ ಸುಮಾರಿಗೆ ರೌಟ್ಲೆಜ್ ಸಂಸ್ಥೆ ರೈಲು ಪಯಣಿಗರಿಗೆಂದೇ ಒಂದು ಶಿಲ್ಲಿಂಗ್ ಬೆಲೆಯ ಕಾದಂಬರಿಗಳನ್ನು ಹೊರತರತೊಡಗಿತು. ನಮ್ಮಲ್ಲಿ 1877ರಲ್ಲಿ ಅಲಹಾಬಾದಿನಲ್ಲಿ ವೀಲರ್ ಸಂಸ್ಥೆ ಹುಟ್ಟಿತು. 1888ರಲ್ಲಿ ಅದೇ ಸಂಸ್ಥೆ 'ಇಂಡಿಯನ್ ರೈಲ್ವೆ ಲೈಬ್ರರಿ' ಮಾಲೆಯಲ್ಲಿ ಪ್ರಕಟಿಸಿದ ಒಂದು ರೂಪಾಯಿಯ ಪುಸ್ತಕಗಳು ಕಿಪ್ಲಿಂಗ್ ಎಂಬ ತರುಣ ಪತ್ರಕರ್ತನನ್ನು ಓದುಗರಿಗೆ ಪರಿಚಯಿಸಿದವು. ದಕ್ಷಿಣದ ನಿಲ್ದಾಣಗಳಲ್ಲಿ ಮದರಾಸಿನ ಹಿಗಿನ್‌ಬಾಥಮ್ಸ್ ಮಳಿಗೆಗಳಿದ್ದವು.

ಇವೆಲ್ಲ ಇಂಗ್ಲಿಷ್ ಬಲ್ಲವರ ಸುಖ. ಕನ್ನಡದ ಓದುಗನ ಪಾಡೇನು?

ಇಲ್ಲಿ ಕಥೆ ತಿರುವುಮುರುವಾಗಿದೆ. ಪಯಣಿಗನು ಪುಸ್ತಕ ಹುಡುಕಿಕೊಂಡು ಹೋಗಲಿಲ್ಲ, ಪುಸ್ತಕವೇ ಪಯಣ ಹೊರಟಿತು. ಗಳಗನಾಥರು (1869–1942) ತಮ್ಮ ಕಾದಂಬರಿಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದರು. ಬರೆದವನೇ ಅಂಗಡಿ! ಅವರು ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನೂ ಕನ್ನಡಕ್ಕೆ ತಂದರು. ಮುಂಬಯಿ ಪ್ರಾಂತದ ಕನ್ನಡ ಸೀಮೆಯಲ್ಲಿ, ಮರಾಠಿಯ ನೆರಳು ದಟ್ಟವಾಗಿದ್ದ ಕಾಲದಲ್ಲಿ, ಕನ್ನಡದಲ್ಲೂ ರಂಜನೆಯ ಓದು ಸಾಧ್ಯವೆಂದು ತೋರಿಸಿದ್ದು ಸಣ್ಣ ಕೆಲಸವಲ್ಲ. ಭಾಷೆಯ ಮೇಲಿನ ಅಭಿಮಾನ ಭಾಷಣಕ್ಕಿಂತ ಹೆಚ್ಚಾಗಿ, ಮುಂದೇನಾಯಿತೆಂಬ ಕುತೂಹಲದಿಂದ ಬೆಳೆಯುತ್ತದೆ. 1933ರಲ್ಲಿ ಧಾರವಾಡದಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆ ಚಂದಾದಾರರ ಮನೆಗೆ ಪುಸ್ತಕ ಕಳಿಸುವ ದಾರಿ ಹಿಡಿಯಿತು.

ಕನ್ನಡಕ್ಕೆ ನಿಜವಾದ ಪಯಣದ ಪುಸ್ತಕ ಸಿಕ್ಕಿದ್ದು ಬಸ್ ನಿಲ್ದಾಣದಲ್ಲಿ. ಸದಲಗಾದಂಥ ಊರಿಗೆ ರೈಲೇ ಇಲ್ಲ. ರಾಯಬಾಗಕ್ಕೋ ಚಿಕ್ಕೋಡಿ ರೋಡಿಗೋ ಹೋಗಲು ಮೊದಲು ಬಸ್ಸನ್ನೇ ಹಿಡಿಯಬೇಕು. ಬಸ್ ನಿಲ್ದಾಣದ ಅಂಗಡಿಯಲ್ಲಿ ವಾರಪತ್ರಿಕೆಗಳ ಪಕ್ಕ ತೂಗುತ್ತಿದ್ದವು ಎನ್. ನರಸಿಂಹಯ್ಯನವರ 'ಪತ್ತೇದಾರ ಪುರುಷೋತ್ತಮ'ನ ಸಾಹಸಗಳು. ಕನ್ನಡ ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ ಎಂಬುದು ಎಷ್ಟೋ ಜನಕ್ಕೆ ನೆನಪಿಲ್ಲ. ವಿಮರ್ಶಕರು ಇವನ್ನು 'ಜನಪ್ರಿಯ' ಎಂಬ ಖಾನೆಗೆ ಹಾಕಿ ಬಾಗಿಲು ಮುಚ್ಚಿದರು. ಈ ಪುಸ್ತಕಗಳಿಂದಲೇ ಓದು ಹತ್ತಿಸಿಕೊಂಡು ಕಾರಂತರ ತನಕ ಹೋದವರನ್ನು ಆ ಖಾನೆಯಲ್ಲಿ ಯಾರೂ ಲೆಕ್ಕ ಹಿಡಿಯಲಿಲ್ಲ.

ವಿಮಾನ ನಿಲ್ದಾಣದ ಮಳಿಗೆಗಳಲ್ಲಿ ಈಗಲೂ ಇಂಗ್ಲಿಷಿನದೇ ಮೇಲುಗೈ. ಕನ್ನಡ ಬೇಕೆನ್ನುವವರು ಮನೆಯಿಂದಲೇ ಒಯ್ಯಬೇಕು. ಬೆಳಗಾವಿಯಿಂದ ಬೆಂಗಳೂರಿಗೆ ಹಾರುವ ಹೊತ್ತಿನಲ್ಲಿ ದಪ್ಪ ಕಾದಂಬರಿ ಮುಗಿಯುವುದಿಲ್ಲ. ಅಧ್ಯಾಯಗಳು ಚಿಕ್ಕವಿದ್ದರೆ ಲೇಸು. ಕೊಲೆಗಾರ ಸಿಗುವ ಮೊದಲೇ ವಿಮಾನ ಇಳಿದರೆ, ಉಳಿದದ್ದನ್ನು ಪೆಟ್ಟಿಗೆಗೆ ಕಾಯುತ್ತ ಓದಬಹುದು.