ಮೆರವಣಿಗೆ ತಿರುಗಿದ ದಾರಿ

ಹಳಗನ್ನಡ ಪಾಠ ಹೇಳಿ ನಿವೃತ್ತನಾದವನಿಗೂ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಕ್ಕೂ ಏನು ನಂಟು ಎಂದು ಕೇಳುಗರು ಹುಬ್ಬೇರಿಸಬಹುದು. ನಂಟು ಆಟದ್ದಲ್ಲ. ರಂಗದ ನಡುವೆ ನಿಂತ ಕರ್ಣನನ್ನು ಕುಲ ಯಾವುದೆಂದು ಕೇಳಿದ ಪ್ರಸಂಗವನ್ನು ವರ್ಷ ವರ್ಷವೂ ವಿವರಿಸಿದವನು ನಾನು. ಇಂಡಿಯಾನಾ ಸಂಸ್ಥಾನದ ಹುಡುಗರ ಕಥೆ ಓದುವಾಗ ಆ ಪ್ರಶ್ನೆ ಮತ್ತೆ ಕಿವಿಗೆ ಬಿತ್ತು.

ಇಂಡಿಯಾನಾ ಮೆಕ್ಕೆಜೋಳದ ಸೀಮೆ. ಚಳಿಗಾಲ ಬಂತೆಂದರೆ ಅಲ್ಲಿ ಹೈಸ್ಕೂಲು ಹುಡುಗರ ಬ್ಯಾಸ್ಕೆಟ್‌ಬಾಲೇ ಊರ ಜಾತ್ರೆ. 1997ರವರೆಗೂ ದೊಡ್ಡ ಶಾಲೆ, ಸಣ್ಣ ಶಾಲೆ ಎನ್ನದೆ ಎಲ್ಲಕ್ಕೂ ಒಂದೇ ಪಂದ್ಯಾವಳಿ. 1954ರಲ್ಲಿ 161 ಮಕ್ಕಳಿದ್ದ ಮೈಲನ್ ಎಂಬ ಹಳ್ಳಿಯ ಶಾಲೆ, ಬಲಾಢ್ಯ ಮನ್ಸಿ ಸೆಂಟ್ರಲ್ ಶಾಲೆಯನ್ನು 32-30ರಿಂದ ಸೋಲಿಸಿದ್ದು ಹೀಗೆ. ಕೊನೆಯ ಗಳಿಗೆಯಲ್ಲಿ ಬುಟ್ಟಿಗೆ ಚೆಂಡೆಸೆದ ಬಾಬಿ ಪ್ಲಂಪ್ ಮನೆಮಾತಾದ. ಆ ಗೆಲುವಿನ ಪ್ರೇರಣೆಯಿಂದ 1986ರಲ್ಲಿ ‘ಹೂಸಿಯರ್ಸ್’ ಎಂಬ ಚಲನಚಿತ್ರವೂ ಬಂತು. ಅದರ ಬಗ್ಗೆ ನನ್ನ ತಕರಾರಿಲ್ಲ.

ಆದರೆ ಅದೇ ವರ್ಷ ಮೈಲನ್ ತನ್ನ ಹಾದಿಯಲ್ಲಿ ಸೋಲಿಸಿದ ಇನ್ನೊಂದು ಶಾಲೆಯಿತ್ತು, ಕ್ರಿಸ್ಪಸ್ ಅಟಕ್ಸ್. 1770ರಲ್ಲಿ ಬಾಸ್ಟನ್ನಿನಲ್ಲಿ ಬ್ರಿಟಿಷ್ ಸೈನಿಕರ ಗುಂಡಿಗೆ ಬಲಿಯಾದ ಕಪ್ಪು ಮನುಷ್ಯನೊಬ್ಬನ ಹೆಸರದು. 1927ರಲ್ಲಿ ಇಂಡಿಯಾನಾಪೊಲಿಸ್ ನಗರದಲ್ಲಿ ಕಪ್ಪು ಮಕ್ಕಳನ್ನು ಬೇರೆ ಕೂರಿಸಲೆಂದೇ ಆ ಶಾಲೆಯನ್ನು ತೆರೆಯಲಾಯಿತು. ಅನಂತರ, ಅದು ಎಲ್ಲರಿಗೂ ತೆರೆದ ಶಾಲೆಯಲ್ಲವೆಂಬ ಕಾರಣ ಕೊಟ್ಟು 1942ರವರೆಗೆ ಪಂದ್ಯಾವಳಿಯಿಂದ ದೂರವಿರಿಸಲಾಯಿತು. ಬಾಗಿಲು ಹಾಕಿದವರೇ ಒಳಗಿರುವವನನ್ನು ಏಕೆ ಹೊರಬರಲಿಲ್ಲವೆಂದು ಕೇಳುವ ತರ್ಕ!

ಆ ಶಾಲೆಗೆ ಬಂದವನು ಟೆನೆಸಿಯಲ್ಲಿ ಹುಟ್ಟಿದ ಆಸ್ಕರ್ ರಾಬರ್ಟ್‌ಸನ್. ಚೆಂಡು ಕೊಳ್ಳಲು ಹಣವಿರದ ಮನೆ. ಚಿಂದಿಬಟ್ಟೆಯನ್ನು ಉಂಡೆಕಟ್ಟಿ ಹಣ್ಣಿನ ಬುಟ್ಟಿಗೆ ಎಸೆದು ಆತ ಆಟ ಕಲಿತ. 1891ರಲ್ಲಿ ಜೇಮ್ಸ್ ನೈಸ್ಮಿತ್ ಈ ಆಟ ಹೂಡಿದ್ದೂ ಹಣ್ಣಿನ ಬುಟ್ಟಿ ತೂಗುಹಾಕಿಯೇ ಎಂಬುದನ್ನು ನೆನೆದರೆ ಹುಡುಗ ತಿಳಿಯದೆಯೇ ಮೂಲಕ್ಕೆ ಮರಳಿದ್ದನೆನಿಸುತ್ತದೆ. ರೇ ಕ್ರೋ ಅವರ ತರಬೇತಿಯಲ್ಲಿ ಅಟಕ್ಸ್ 1955ರ ಅಂತಿಮ ಪಂದ್ಯದಲ್ಲಿ ಗ್ಯಾರಿ ರೂಸ್ವೆಲ್ಟ್ ಶಾಲೆಯನ್ನು 97-74ರಿಂದ ಮಣಿಸಿತು. ಅದುವರೆಗೆ ಆ ರಾಜಧಾನಿಯ ಯಾವ ಶಾಲೆಯೂ ಪ್ರಶಸ್ತಿ ಗೆದ್ದಿರಲಿಲ್ಲ.

ಗೆದ್ದವರು ಅಗ್ನಿಶಾಮಕದ ಬಂಡಿಯೇರಿ ನಗರಮಧ್ಯದ ಸ್ಮಾರಕವೃತ್ತಕ್ಕೆ ಬಂದು ಅಲ್ಲಿ ಸಂಭ್ರಮಿಸುವುದು ವಾಡಿಕೆ. ಅಂದು ಬಂಡಿ ವೃತ್ತವನ್ನು ಸುತ್ತಿತು, ನಿಲ್ಲಲಿಲ್ಲ. ಕಪ್ಪುಜನರ ಬಡಾವಣೆಯ ಉದ್ಯಾನದತ್ತ ಅದನ್ನು ತಿರುಗಿಸಲಾಯಿತು. ಹದಿನಾರರ ಆಸ್ಕರ್ ಸಂಭ್ರಮವನ್ನು ಅರ್ಧಕ್ಕೇ ಬಿಟ್ಟು ಮನೆಗೆ ನಡೆದ. ನಾವು ಅವರಿಗೆ ಬೇಡವೆಂದು ತಂದೆಯ ಬಳಿ ಹೇಳಿಕೊಂಡ.

ಮರುವರ್ಷ ಒಂದೂ ಪಂದ್ಯ ಸೋಲದೆ ಅಟಕ್ಸ್ ಮತ್ತೆ ಗೆದ್ದಿತು. ಅಂತಿಮ ಪಂದ್ಯದಲ್ಲಿ ಆಸ್ಕರ್ ಒಬ್ಬನದೇ 39 ಅಂಕ. ಕಾಲೇಜಿಗೆ ಆತ ತವರು ಸಂಸ್ಥಾನವನ್ನು ಬಿಟ್ಟು ಸಿನ್ಸಿನಾಟಿಗೆ ಹೋದ. ಅಲ್ಲಿ ಮೂರು ವರ್ಷವೂ ದೇಶದಲ್ಲೇ ಅತಿ ಹೆಚ್ಚು ಸರಾಸರಿ ಅಂಕ ಗಳಿಸಿದ. 1960ರ ರೋಮ್ ಒಲಿಂಪಿಕ್ಸಿನಲ್ಲಿ ಚಿನ್ನ ಪಡೆದ. ಅದೇ ಇಂಡಿಯಾನಾದ ಲ್ಯಾರಿ ಬರ್ಡನ ಕಥೆ ಇನ್ನೊಂದು ದಿನಕ್ಕಿರಲಿ. ಆಟಗಾರರ ಸಂಘದ ಅಧ್ಯಕ್ಷನಾಗಿ ರಾಬರ್ಟ್‌ಸನ್ 1970ರಲ್ಲಿ ವೃತ್ತಿಪರ ಲೀಗಿನ ಮೇಲೆ ದಾವೆ ಹೂಡಿದ್ದನ್ನು ಮಾತ್ರ ಹೇಳಲೇಬೇಕು. 1976ರ ರಾಜಿಯಿಂದ, ಕರಾರು ಮುಗಿದ ಆಟಗಾರನಿಗೆ ಬೇರೆ ತಂಡ ಸೇರುವ ಸ್ವಾತಂತ್ರ್ಯದ ದಾರಿ ತೆರೆಯಿತು.

2015ರಲ್ಲಿ, ಅರವತ್ತು ವರ್ಷಗಳ ಮೇಲೆ, ಇಂಡಿಯಾನಾಪೊಲಿಸ್ ತನ್ನ ವಾರ್ಷಿಕ ಕಾರು ಪಂದ್ಯದ ಉತ್ಸವದ ಮೆರವಣಿಗೆಗೆ 1955ರ ಆ ತಂಡದಲ್ಲಿ ಉಳಿದಿದ್ದವರನ್ನು ಅಗ್ರಗಣ್ಯರಾಗಿ ಕರೆಯಿತು. ಹುಡುಗರೆಲ್ಲ ಎಪ್ಪತ್ತು ದಾಟಿದ್ದರು. ರೇ ಕ್ರೋ 2003ರಲ್ಲೇ ತೀರಿಕೊಂಡಿದ್ದರು.