ಜೀರೋ-ಡ್ರಾಪ್ ಶೂ

ಜೀರೋ-ಡ್ರಾಪ್ ಶೂ ಎಂದರೆ ಹಿಮ್ಮಡಿ ಮತ್ತು ಮುಂಗಾಲು ನೆಲದಿಂದ ಸಮಾನ ಎತ್ತರದಲ್ಲಿ ನಿಲ್ಲುವಂತೆ ತಯಾರಿಸಿದ ಪಾದರಕ್ಷೆ. ಸಾಮಾನ್ಯ ಓಟದ ಶೂಗಳಲ್ಲಿ ಹಿಮ್ಮಡಿಯ ಭಾಗವು ಮುಂಗಾಲಿಗಿಂತ 8ರಿಂದ 12 ಮಿ.ಮೀ. ಎತ್ತರವಾಗಿರುತ್ತದೆ, ಜೀರೋ-ಡ್ರಾಪ್ ಶೂನಲ್ಲಿ ಈ ವ್ಯತ್ಯಾಸ ಸೊನ್ನೆ. ಇವುಗಳಲ್ಲಿ ತೆಳುವಾದ ಅಟ್ಟೆಯ 'ಬರಿಗಾಲು ಮಾದರಿ' ಹಾಗೂ ದಪ್ಪ ಮೆತ್ತೆ ಮತ್ತು ಪಾದಕ್ಕೆ ಆಧಾರವಿರುವ ಮಾದರಿ ಎಂಬ ಎರಡು ಮುಖ್ಯ ಬಗೆಗಳಿವೆ. ಡಾಂಬರು ಮತ್ತು ಸಿಮೆಂಟ್ ರಸ್ತೆಯ ಓಟ ಹಾಗೂ ನಡಿಗೆಗೆ ಎರಡನೆಯ ಬಗೆಯನ್ನು ಹೆಚ್ಚಾಗಿ ಆರಿಸಲಾಗುತ್ತದೆ. ಈ ಲೇಖನವು ಅಂತಹ ಶೂಗಳ ರಚನೆ, ಅವುಗಳ ಕುರಿತ ಅಧ್ಯಯನಗಳು ಮತ್ತು ಆಯ್ಕೆಯ ವಿಧಾನವನ್ನು ಕೊಪ್ಪಳ ಜಿಲ್ಲೆಯ ಉದಾಹರಣೆಗಳೊಂದಿಗೆ ವಿವರಿಸುತ್ತದೆ.

ಅರ್ಥ ಮತ್ತು ಅಳತೆ

ಓಟದ ಶೂಗಳ ವಿವರಣೆಯಲ್ಲಿ ಎರಡು ಅಳತೆಗಳು ಬರುತ್ತವೆ. ಪಾದದ ಕೆಳಗೆ ಇರುವ ಒಟ್ಟು ದಪ್ಪವನ್ನು 'ಸ್ಟ್ಯಾಕ್ ಹೈಟ್' ಎಂದೂ, ಹಿಮ್ಮಡಿಯ ದಪ್ಪದಿಂದ ಮುಂಗಾಲಿನ ದಪ್ಪವನ್ನು ಕಳೆದಾಗ ಉಳಿಯುವ ಅಂತರವನ್ನು 'ಡ್ರಾಪ್' ಎಂದೂ ಕರೆಯುತ್ತಾರೆ. ಹಿಮ್ಮಡಿಯಲ್ಲಿ 32 ಮಿ.ಮೀ., ಮುಂಗಾಲಿನಲ್ಲಿ 22 ಮಿ.ಮೀ. ದಪ್ಪವಿರುವ ಶೂನ ಡ್ರಾಪ್ 10 ಮಿ.ಮೀ. ಎರಡೂ ಕಡೆ 30 ಮಿ.ಮೀ. ಇದ್ದರೆ ಅದು ಜೀರೋ-ಡ್ರಾಪ್. ಆದ್ದರಿಂದ ಜೀರೋ-ಡ್ರಾಪ್ ಎಂದರೆ ತೆಳುವಾದ ಶೂ ಎಂದು ತಿಳಿಯುವುದು ಸರಿಯಲ್ಲ.

ಡ್ರಾಪ್ ಅನ್ನು ಹೊರಗಿನಿಂದ ನೋಡಿ ಅಳೆಯಲು ಬರುವುದಿಲ್ಲ. ಅನೇಕ ಶೂಗಳಲ್ಲಿ ಪಾದವು ಅಟ್ಟೆಯ ಅಂಚಿಗಿಂತ ಕೆಳಗೆ, ತಗ್ಗಿನಲ್ಲಿ ಕೂರುತ್ತದೆ. ತಯಾರಕರು ಪ್ರಕಟಿಸುವ ವಿವರವೇ ಇದಕ್ಕೆ ಮುಖ್ಯ ಆಧಾರ.

ಹಿನ್ನೆಲೆ

ಮನುಷ್ಯನ ಪಾದರಕ್ಷೆಗಳಲ್ಲಿ ಹೆಚ್ಚಿನವು ಮೊದಲಿನಿಂದಲೂ ಸಮತಟ್ಟಾದವೇ. ಉತ್ತರ ಕರ್ನಾಟಕದಲ್ಲಿ ಕೆರ, ಕಾಲ್ಮರಿ ಎಂದು ಕರೆಯಲಾಗುವ ಚರ್ಮದ ಪಾದರಕ್ಷೆಗಳು, 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಕೊಲ್ಹಾಪುರಿ ಚಪ್ಪಲಿ ಇವುಗಳ ಹಿಮ್ಮಡಿ ಹೆಚ್ಚು ಎತ್ತರವಿರುವುದಿಲ್ಲ. ಈ ಸೂಚಿಕೆಯ ವ್ಯಾಪ್ತಿಗೆ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಂದಿಗೆ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ ಮತ್ತು ವಿಜಯಪುರ ಜಿಲ್ಲೆಗಳೂ ಸೇರಿವೆ.

ಓಟದ ಶೂಗಳಲ್ಲಿ ಎತ್ತರದ ಹಿಮ್ಮಡಿ ವ್ಯಾಪಕವಾದದ್ದು 1970ರ ದಶಕದಲ್ಲಿ, ಅಮೆರಿಕದಲ್ಲಿ ಹವ್ಯಾಸಿ ಓಟ ಜನಪ್ರಿಯವಾದ ಕಾಲದಲ್ಲಿ. ಹಿಮ್ಮಡಿ ಊರಿ ಓಡುವವರಿಗೆ ಹೊಡೆತ ತಗ್ಗಿಸುವುದು ಇದರ ಉದ್ದೇಶವಾಗಿತ್ತು. 2009ರಲ್ಲಿ ಕ್ರಿಸ್ಟೋಫರ್ ಮ್ಯಾಕ್‌ಡೂಗಲ್ ಅವರ 'ಬಾರ್ನ್ ಟು ರನ್' ಕೃತಿ ಮತ್ತು 2010ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಡೇನಿಯಲ್ ಲೀಬರ್‌ಮನ್ ಹಾಗೂ ಸಂಗಡಿಗರು ಪ್ರಕಟಿಸಿದ ಅಧ್ಯಯನದ ನಂತರ ಬರಿಗಾಲ ಓಟದ ಕುರಿತು ಆಸಕ್ತಿ ಹೆಚ್ಚಿತು. ಇದೇ ಅವಧಿಯಲ್ಲಿ ಅಮೆರಿಕದ ಯೂಟಾ ರಾಜ್ಯದಲ್ಲಿ ಆರಂಭವಾದ ಆಲ್ಟ್ರಾ ಕಂಪನಿಯು ದಪ್ಪ ಮೆತ್ತೆ ಇದ್ದೂ ಡ್ರಾಪ್ ಇಲ್ಲದ ಶೂಗಳನ್ನು ಮಾರುಕಟ್ಟೆಗೆ ತಂದಿತು.

ಬರಿಗಾಲೇ ಶ್ರೇಷ್ಠವೆಂಬ ವಾದಕ್ಕೆ ಇಥಿಯೋಪಿಯಾದ ಅಬೆಬೆ ಬಿಕಿಲ ಅವರ ಉದಾಹರಣೆಯನ್ನು ಕೊಡುವುದುಂಟು. ಅವರು 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನನ್ನು ಬರಿಗಾಲಲ್ಲಿ ಓಡಿ ಗೆದ್ದರು. ಆದರೆ 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಅವರು ಶೂ ಧರಿಸಿ, ಮತ್ತಷ್ಟು ಕಡಿಮೆ ಸಮಯದಲ್ಲಿ ಗೆದ್ದರು ಎಂಬುದೂ ಅಷ್ಟೇ ಸತ್ಯ.

ಆಧಾರವಿರುವ ಜೀರೋ-ಡ್ರಾಪ್ ಶೂ

'ಆಧಾರ' ಎಂಬುದು ಪಾದ ಅತಿಯಾಗಿ ಒಳಕ್ಕೆ ಅಥವಾ ಹೊರಕ್ಕೆ ವಾಲದಂತೆ ತಡೆಯುವ ಭಾಗಗಳಿಗೆ ಒಟ್ಟಾಗಿ ಬಳಸುವ ಪದ. ಇದರಲ್ಲಿ ಮುಖ್ಯವಾದವು:

• ಹಿಮ್ಮಡಿಯನ್ನು ಹಿಂದಿನಿಂದ ಬಿಗಿಯಾಗಿ ಹಿಡಿಯುವ ಗಟ್ಟಿ ಭಾಗ (ಹೀಲ್ ಕೌಂಟರ್).
• ಪಾದಕ್ಕಿಂತ ಸ್ವಲ್ಪ ಅಗಲವಾದ, ಸಮತಟ್ಟಾದ ಅಟ್ಟೆ.
• ಮೆತ್ತೆಯ ಇಕ್ಕೆಲಗಳಲ್ಲಿ ಎತ್ತರಿಸಿದ ಅಥವಾ ಗಟ್ಟಿಗೊಳಿಸಿದ ಅಂಚು.
• ಪಾದದ ನಡುಭಾಗವನ್ನು ಅಲುಗಾಡದಂತೆ ಹಿಡಿಯುವ ಲೇಸು ಮತ್ತು ಮೇಲ್ಬಟ್ಟೆ.

ಆಲ್ಟ್ರಾದ 'ಪ್ಯಾರಡೈಮ್' ಮತ್ತು 'ಪ್ರಾವಿಷನ್' ಈ ಬಗೆಗೆ ಉದಾಹರಣೆಗಳು. ಅದೇ ಕಂಪನಿಯ 'ಟೊರಿನ್' ಮೆತ್ತೆ ಹೆಚ್ಚಿರುವ, ಆದರೆ ವಿಶೇಷ ಆಧಾರವಿಲ್ಲದ ಮಾದರಿ. ಝೀರೋ ಶೂಸ್ ಮತ್ತು ವಿವೋಬೇರ್‌ಫುಟ್ ಕಂಪನಿಗಳ ಹೆಚ್ಚಿನ ಮಾದರಿಗಳು ತೆಳುವಾದ ಬರಿಗಾಲು ಬಗೆಯವು. ಕಂಪನಿಯ ಹೆಸರೊಂದನ್ನೇ ನಂಬಿ ಕೊಳ್ಳಲಾಗದು. ಆಲ್ಟ್ರಾ ಕೂಡ ಇತ್ತೀಚಿನ ವರ್ಷಗಳಲ್ಲಿ 4 ಮಿ.ಮೀ. ಡ್ರಾಪ್ ಇರುವ ಮಾದರಿಗಳನ್ನು ಹೊರತಂದಿದೆ.

ದೇಹದ ಮೇಲಿನ ಪರಿಣಾಮ

ಡ್ರಾಪ್ ಕಡಿಮೆಯಾದಾಗ ಓಟದ ಹೊರೆ ಇಲ್ಲವಾಗುವುದಿಲ್ಲ, ಸ್ಥಳ ಬದಲಿಸುತ್ತದೆ. ಹಿಮ್ಮಡಿ ಕೆಳಗಿಳಿದಷ್ಟೂ ಮೀನಖಂಡದ ಸ್ನಾಯುಗಳು ಮತ್ತು ಅವುಗಳನ್ನು ಹಿಮ್ಮಡಿಗೆ ಜೋಡಿಸುವ ಅಕಿಲಿಸ್ ಸ್ನಾಯುರಜ್ಜು ಹೆಚ್ಚು ಹಿಗ್ಗಬೇಕಾಗುತ್ತದೆ. ಮಂಡಿಯ ಮೇಲಿನ ಹೊರೆ ಕೆಲಮಟ್ಟಿಗೆ ತಗ್ಗಬಹುದು. ಎತ್ತರದ ಹಿಮ್ಮಡಿಯ ಶೂನಲ್ಲಿ ಇದಕ್ಕೆ ವಿರುದ್ಧವಾದದ್ದು ನಡೆಯುತ್ತದೆ. ಹೀಗಾಗಿ ಮಂಡಿನೋವಿರುವವರಿಗೆ ಅನುಕೂಲವೆನಿಸಿದ ಶೂ ಹಿಮ್ಮಡಿಯ ಸ್ನಾಯುರಜ್ಜಿನ ತೊಂದರೆ ಇರುವವರಿಗೆ ಹಾನಿ ಮಾಡಬಹುದು.

ಅಧ್ಯಯನಗಳು

ಲಕ್ಸೆಂಬರ್ಗ್‌ನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 553 ಹವ್ಯಾಸಿ ಓಟಗಾರರಿಗೆ 10, 6 ಮತ್ತು 0 ಮಿ.ಮೀ. ಡ್ರಾಪ್‌ನ ಶೂಗಳನ್ನು ಹಂಚಿ 6 ತಿಂಗಳು ಗಮನಿಸಲಾಯಿತು. ಒಟ್ಟಾರೆ ಗಾಯಗಳ ಪ್ರಮಾಣದಲ್ಲಿ ಮೂರು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ಆದರೆ ಅಪರೂಪಕ್ಕೆ ಓಡುವವರಲ್ಲಿ ಕಡಿಮೆ ಡ್ರಾಪ್‌ನ ಶೂಗಳೊಂದಿಗೆ ಗಾಯದ ಅಪಾಯ ಕಡಿಮೆಯಾಗಿತ್ತು. ನಿಯಮಿತವಾಗಿ ಓಡುತ್ತಿದ್ದವರಲ್ಲಿ ಹೆಚ್ಚಾಗಿತ್ತು. ಹಳೆಯ ಶೂಗಳಿಗೆ ಒಗ್ಗಿಕೊಂಡ ದೇಹಕ್ಕೆ ಬದಲಾವಣೆಯೇ ಹೊರೆಯಾಗಿರಬಹುದು ಎಂಬುದು ಇದಕ್ಕೆ ಒಂದು ಸಂಭವನೀಯ ವಿವರಣೆ.

ಅಮೆರಿಕದಲ್ಲಿ 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಅನುಭವಿ ಓಟಗಾರರ ಒಂದು ಗುಂಪು 10 ವಾರಗಳಲ್ಲಿ ತೆಳುವಾದ ಬೆರಳು-ಶೂಗಳಿಗೆ ಬದಲಾಯಿತು. ಅವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ಪಾದದ ಮೂಳೆಯೊಳಗೆ ಊತ ಹೆಚ್ಚಿದ್ದು ಎಂ.ಆರ್.ಐ. ಪರೀಕ್ಷೆಯಲ್ಲಿ ಕಂಡುಬಂದಿತು. ಇದು ಮೆತ್ತೆಯಿರುವ ಜೀರೋ-ಡ್ರಾಪ್ ಶೂಗಳ ಅಧ್ಯಯನವಲ್ಲವಾದರೂ ಅವಸರದ ಬದಲಾವಣೆಯ ಅಪಾಯವನ್ನು ತೋರಿಸುತ್ತದೆ. ಬೆರಳು-ಶೂ ತಯಾರಿಸುವ ವೈಬ್ರಮ್ ಕಂಪನಿಯು, ಆರೋಗ್ಯ ಲಾಭಗಳ ಕುರಿತ ತನ್ನ ಜಾಹೀರಾತುಗಳಿಗೆ ಸಾಕಷ್ಟು ಆಧಾರವಿಲ್ಲವೆಂದು ಹೂಡಲಾದ ಮೊಕದ್ದಮೆಯನ್ನು 2014ರಲ್ಲಿ, ತಪ್ಪನ್ನು ಒಪ್ಪಿಕೊಳ್ಳದೆ, 37.5 ಲಕ್ಷ ಡಾಲರುಗಳ ರಾಜಿಯೊಂದಿಗೆ ಮುಗಿಸಿತು.

2022ರ ಕೊಕ್ರೇನ್ ಪರಿಶೀಲನೆಯು 11,000ಕ್ಕೂ ಹೆಚ್ಚು ಜನರನ್ನು ಒಳಗೊಂಡ 12 ಪ್ರಯೋಗಗಳನ್ನು ಒಟ್ಟಾಗಿ ನೋಡಿತು. ಯಾವುದೇ ಒಂದು ಬಗೆಯ ಶೂ ಗಾಯಗಳನ್ನು ತಡೆಯುತ್ತದೆ ಎನ್ನಲು ಬಲವಾದ ಪುರಾವೆ ಅದಕ್ಕೆ ಸಿಗಲಿಲ್ಲ.

ಕೊಪ್ಪಳ ಜಿಲ್ಲೆಯ ಸಂದರ್ಭ

1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾದ ಕೊಪ್ಪಳ ಜಿಲ್ಲೆಯಲ್ಲಿ ಆರಂಭದಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಎಂಬ ನಾಲ್ಕು ತಾಲೂಕುಗಳಿದ್ದವು. ಇಲ್ಲಿನ ನೆಲ ಒಂದೇ ಬಗೆಯದಲ್ಲ. ಯಲಬುರ್ಗಾ ಮತ್ತು ಕುಷ್ಟಗಿ ಕಡೆಯ ಎರೆಭೂಮಿ ಮಳೆಗಾಲದಲ್ಲಿ ಅಟ್ಟೆಗೆ ಅಂಟಿಕೊಳ್ಳುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಆದ್ದರಿಂದ ಅಲ್ಲಿ ವರ್ಷದ ಬಹುಕಾಲ ಓಟಕ್ಕೆ ಒದಗುವುದು ಡಾಂಬರು ರಸ್ತೆಯೇ. ಮಸಾರಿ ಮಣ್ಣಿನ ಹಾದಿ ಇದಕ್ಕಿಂತ ಮೃದು ಮತ್ತು ಬೇಗ ಒಣಗುತ್ತದೆ. ಗಂಗಾವತಿ ಭಾಗದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಪಕ್ಕದ ಹಾದಿಗಳಿವೆ. ಆನೆಗೊಂದಿ ಸಮೀಪದ ಅಂಜನಾದ್ರಿ ಬೆಟ್ಟಕ್ಕೆ 575 ಮೆಟ್ಟಿಲುಗಳಿವೆ. ಮೆಟ್ಟಿಲು ಹತ್ತುವಾಗ ಮೀನಖಂಡಕ್ಕೆ ಮೊದಲೇ ಹೆಚ್ಚು ಶ್ರಮ ಬೀಳುವುದರಿಂದ ಹೊಸ ಜೀರೋ-ಡ್ರಾಪ್ ಶೂ ಧರಿಸುವವರಿಗೆ ಅದು ಮೊದಲ ವಾರದ ಅಭ್ಯಾಸವಾಗಬಾರದು.

ಈ ಭಾಗದಲ್ಲಿ ದೂರದ ನಡಿಗೆ ಹೊಸದಲ್ಲ. ಹುಲಿಗಿಯ ಹುಲಿಗೆಮ್ಮ ದೇವಿಯ ದರ್ಶನಕ್ಕೆ ಹಾಗೂ ಯುಗಾದಿಯ ಹೊತ್ತಿಗೆ ಶ್ರೀಶೈಲಕ್ಕೆ ಉತ್ತರ ಕರ್ನಾಟಕದ ಭಕ್ತರು ಪಾದಯಾತ್ರೆ ಹೋಗುತ್ತಾರೆ. ಕೆಲವರು ಬರಿಗಾಲಲ್ಲಿ, ಕೆಲವರು ಹವಾಯಿ ಚಪ್ಪಲಿಯಲ್ಲಿ ನಡೆಯುತ್ತಾರೆ. ಹವಾಯಿ ಚಪ್ಪಲಿಗೂ ಶಾಲೆಯ ಬಿಳಿ ಕ್ಯಾನ್ವಾಸ್ ಶೂಗೂ ಡ್ರಾಪ್ ಬಹಳ ಕಡಿಮೆ. ಆದರೆ ಚಪ್ಪಲಿಗೆ ಹಿಮ್ಮಡಿಯ ಹಿಡಿತವಿಲ್ಲ, ಕ್ಯಾನ್ವಾಸ್ ಶೂಗೆ ಮೆತ್ತೆಯಿಲ್ಲ. ದಿನವಿಡೀ ಸಮತಟ್ಟಾದ ಪಾದರಕ್ಷೆಯಲ್ಲೇ ಓಡಾಡಿದವರಿಗೆ ಜೀರೋ-ಡ್ರಾಪ್ ಶೂನಲ್ಲಿ ನಡೆಯುವುದು ಬೇಗ ಒಗ್ಗಬಹುದು. ಓಟದ ಮಾತು ಬೇರೆ. ಓಡುವಾಗ ಪ್ರತಿ ಹೆಜ್ಜೆಗೂ ದೇಹತೂಕದ ಎರಡು-ಮೂರು ಪಟ್ಟು ಭಾರ ಒಂದೇ ಕಾಲಿನ ಮೇಲೆ ಬೀಳುತ್ತದೆ.

ಪೊಲೀಸ್ ಮತ್ತು ಸೇನಾ ನೇಮಕಾತಿಗೆ ತಯಾರಾಗುವ ಯುವಜನರಿಗೆ ಈ ವಿಷಯ ಹೆಚ್ಚು ಮಹತ್ವದ್ದು. ಕರ್ನಾಟಕದ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯ ದೈಹಿಕ ಪರೀಕ್ಷೆಯಲ್ಲಿ ಪುರುಷರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ, ಮಹಿಳೆಯರು 400 ಮೀಟರನ್ನು 2 ನಿಮಿಷದೊಳಗೆ ಓಡಬೇಕಾಗುತ್ತದೆ. ಪರೀಕ್ಷೆಗೆ ಕೆಲವೇ ವಾರಗಳಿರುವಾಗ ಶೂನ ಬಗೆ ಬದಲಿಸಿ ಹಿಮ್ಮಡಿಯ ಸ್ನಾಯುರಜ್ಜು ನೋಯಿಸಿಕೊಂಡರೆ ತಿಂಗಳುಗಳ ಅಭ್ಯಾಸ ವ್ಯರ್ಥವಾಗಬಹುದು. ಕನಿಷ್ಠ ಮೂರು ತಿಂಗಳ ಕಾಲಾವಕಾಶವಿಲ್ಲದಿದ್ದರೆ ರೂಢಿಯಲ್ಲಿರುವ ಶೂನಲ್ಲೇ ಪರೀಕ್ಷೆ ಎದುರಿಸುವುದು ಸುರಕ್ಷಿತ.

ಆಯ್ಕೆಯ ಮಾನದಂಡಗಳು

• ಅಗಲ: ಬೆರಳುಗಳು ಒತ್ತಿಕೊಳ್ಳದೆ ಹರಡಿಕೊಳ್ಳುವಂತಿರಬೇಕು. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯು ದೇಶದಾದ್ಯಂತ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಅಳೆದು, ಭಾರತೀಯರ ಪಾದ ಯುರೋಪ್ ಮತ್ತು ಅಮೆರಿಕದವರ ಪಾದಕ್ಕಿಂತ ಅಗಲವೆಂದು ಕಂಡುಕೊಂಡಿದೆ. ವಿದೇಶಿ ಅಳತೆಯ ಶೂ ಉದ್ದದಲ್ಲಿ ಸರಿಹೊಂದಿದರೂ ಅಗಲದಲ್ಲಿ ಬಿಗಿಯಾಗಬಹುದು.
• ಉದ್ದ: ಅತಿ ಉದ್ದದ ಬೆರಳಿನ ಮುಂದೆ ಸುಮಾರು ಒಂದು ಹೆಬ್ಬೆರಳಿನ ಅಗಲದಷ್ಟು ಜಾಗ ಇರಬೇಕು. ಸಂಜೆಯ ಹೊತ್ತಿಗೆ ಪಾದ ಸ್ವಲ್ಪ ಊದಿರುವುದರಿಂದ ಆಗ ಅಳತೆ ನೋಡುವುದು ಒಳ್ಳೆಯದು.
• ಮೆತ್ತೆ: ಡಾಂಬರು ಮತ್ತು ಸಿಮೆಂಟ್ ರಸ್ತೆಗೆ ಸುಮಾರು 25ರಿಂದ 30 ಮಿ.ಮೀ. ಸ್ಟ್ಯಾಕ್ ಹೈಟ್ ಆರಂಭಿಕರಿಗೆ ಅನುಕೂಲ.
• ಸ್ಥಿರತೆ: ಶೂವನ್ನು ಎರಡು ಕೈಗಳಲ್ಲಿ ಹಿಡಿದು ಬಟ್ಟೆ ಹಿಂಡುವಂತೆ ತಿರುಚಿದಾಗ ಸುಲಭವಾಗಿ ಸುತ್ತಿಕೊಂಡರೆ ಆಧಾರ ಕಡಿಮೆ ಎಂದು ತಿಳಿಯಬಹುದು.
• ಮೇಲ್ಬಟ್ಟೆ: ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಬಯಲುಸೀಮೆಗೆ ಗಾಳಿಯಾಡುವ ಜಾಲರಿ ಬಟ್ಟೆ ಸೂಕ್ತ.

ಎಲ್ಲಕ್ಕಿಂತ ಮುಖ್ಯವಾದದ್ದು ಧರಿಸಿ ನಡೆದಾಗ ಪಾದಕ್ಕೆ ಸಿಗುವ ಹಿತ. ಹತ್ತಿರದ ಪೇಟೆಯಲ್ಲಿ ಮಾದರಿ ಸಿಗದೆ ಆನ್‌ಲೈನ್‌ನಲ್ಲಿ ಕೊಳ್ಳುವವರು ಮರಳಿಸುವ ಅವಕಾಶ ಇದೆಯೇ ಎಂದು ಮೊದಲೇ ನೋಡಿ, ಮನೆಯೊಳಗೆ ಮಾತ್ರ ಧರಿಸಿ ಪರೀಕ್ಷಿಸಬೇಕು. ಈ ಶೂಗಳ ಬೆಲೆ ಹೆಚ್ಚು. ಹಳೆಯ ಶೂನಲ್ಲಿ ನೋವಿಲ್ಲದೆ ಓಡುತ್ತಿರುವವರು ಬದಲಾಯಿಸಲೇಬೇಕೆಂಬ ಕಾರಣವಿಲ್ಲ.

ಒಗ್ಗಿಕೊಳ್ಳುವ ವಿಧಾನ

ಮೊದಲ ಎರಡು ವಾರ ಹೊಸ ಶೂವನ್ನು ದಿನಕ್ಕೆ 20–30 ನಿಮಿಷದ ನಡಿಗೆಗೆ ಮಾತ್ರ ಬಳಸಲಾಗುತ್ತದೆ. ಬಳಿಕ ವಾರಕ್ಕೆ ಎರಡು ಸಲ 5–10 ನಿಮಿಷದ ನಿಧಾನ ಓಟ ಸೇರಿಸಿ, ಉಳಿದ ಓಟವನ್ನು ಹಳೆಯ ಶೂನಲ್ಲೇ ಮುಂದುವರಿಸುವುದು ರೂಢಿ. ಪೂರ್ಣ ಬದಲಾವಣೆಗೆ 8ರಿಂದ 12 ವಾರ ಬೇಕಾಗಬಹುದು. ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಎತ್ತಿ ಇಳಿಸುವ ವ್ಯಾಯಾಮ ಮೀನಖಂಡವನ್ನು ಬಲಪಡಿಸುತ್ತದೆ. ರಸ್ತೆಯ ಅಂಚು ಇಳಿಜಾರಾಗಿರುವುದರಿಂದ ಬಹಳ ದೂರ ಒಂದೇ ಅಂಚಿನಲ್ಲಿ ಓಡಿದರೆ ಎರಡು ಕಾಲುಗಳ ಮೇಲಿನ ಹೊರೆ ಅಸಮವಾಗುತ್ತದೆ. ವಾಹನ ಸಂಚಾರವಿಲ್ಲದ ಮೈದಾನ ಇದಕ್ಕಿಂತ ಮೇಲು.

ಮೀನಖಂಡದ ಸಾಧಾರಣ ಬಿಗಿತ ಒಂದೆರಡು ದಿನಗಳಲ್ಲಿ ಇಳಿಯುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಹಿಮ್ಮಡಿಯ ಹಿಂಭಾಗದಲ್ಲಿ ನೋವು, ಅಥವಾ ಪಾದದ ಮೇಲ್ಭಾಗದ ಮೂಳೆಯ ಒಂದೇ ಜಾಗದಲ್ಲಿ ಒತ್ತಿದಾಗ ನೋವು ಕಂಡರೆ ಓಟ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಎಚ್ಚರಿಕೆ

ಅಕಿಲಿಸ್ ಸ್ನಾಯುರಜ್ಜಿನ ತೊಂದರೆ, ಹಿಮ್ಮಡಿ ನೋವು ಅಥವಾ ಪಾದದ ಮೂಳೆ ಬಿರುಕಿನ ಹಿನ್ನೆಲೆ ಇರುವವರು ವೈದ್ಯರ ಇಲ್ಲವೇ ಫಿಸಿಯೋಥೆರಪಿಸ್ಟರ ಸಲಹೆಯಿಲ್ಲದೆ ಜೀರೋ-ಡ್ರಾಪ್‌ಗೆ ಬದಲಾಗುವುದು ಸೂಕ್ತವಲ್ಲ. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಗಾಯವಾದದ್ದು ತಿಳಿಯುವುದೇ ಇಲ್ಲ. ಅಂತಹವರಿಗೆ ತೆಳುವಾದ ಅಟ್ಟೆಯ ಶೂ ಮತ್ತು ಬರಿಗಾಲ ನಡಿಗೆ ಎರಡೂ ಅಪಾಯಕಾರಿ. ಅವರಿಗೆ ಎಂ.ಸಿ.ಆರ್. ರಬ್ಬರಿನ ಮೃದು ಒಳಪದರವಿರುವ ಪಾದರಕ್ಷೆಗಳನ್ನು ವೈದ್ಯರು ಸೂಚಿಸುತ್ತಾರೆ. ನಡಿಗೆಯ ನಂತರ ಪ್ರತಿದಿನ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳುವುದು, ಧರಿಸುವ ಮುನ್ನ ಶೂವನ್ನು ಕೊಡವಿ ಒಳಗೆ ಕೈಯಾಡಿಸುವುದು ಅವರಿಗೆ ಅತ್ಯಗತ್ಯ.

ಬಾಳಿಕೆ

ಓಟದ ಶೂನ ಮೆತ್ತೆ ಸಾಮಾನ್ಯವಾಗಿ 500ರಿಂದ 800 ಕಿ.ಮೀ. ವರೆಗೆ ಗುಣ ಉಳಿಸಿಕೊಳ್ಳುತ್ತದೆ. ವಾರಕ್ಕೆ 20 ಕಿ.ಮೀ. ಓಡುವವರಿಗೆ ಇದು ಆರರಿಂದ ಒಂಬತ್ತು ತಿಂಗಳ ಬಾಳಿಕೆ. ಮೆತ್ತೆ ಬಿಸಿಲಿಗೆ ಹದಗೆಡುವುದರಿಂದ ಒದ್ದೆಯಾದ ಶೂವನ್ನು ನೆರಳಿನಲ್ಲಿ ಒಣಗಿಸಬೇಕು. ಹಿಮ್ಮಡಿಯ ಒಂದೇ ಬದಿ ಸವೆದರೆ ಶೂ ಸಮತಟ್ಟಾಗಿ ಉಳಿಯುವುದಿಲ್ಲ. ಆಗ ಅದನ್ನು ಓಟಕ್ಕೆ ಬಳಸುವುದನ್ನು ನಿಲ್ಲಿಸಬೇಕು.